ಕಾಡೂ ನಮ್ಮ ಸಂಘದ ಉಳಿತಾಯವೇ

(ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಮಹಿಳಾ ಸ್ವ-ಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಸಂಘದ ಹಣ ಎಲ್ಲರದ್ದು. ಯಾರೊಬ್ಬರೂ ಮನಸ್ಸಿಗೆ ಬಂದಂತೆ ತೆಗೆಯುವಂತಿಲ್ಲ. ಸಾಲ ಬೇಕಾದರೆ ಸಭೆಯಲ್ಲಿ ಕೇಳಬೇಕು, ಠರಾವು ಆಗಬೇಕು, ಪುಸ್ತಕದಲ್ಲಿ ಬರೆಯಬೇಕು. ಇದೆಲ್ಲ ನಿಮಗೆ ಬಾಯಿಪಾಠ. ಆದರೆ ಸಂಘದ ಪೆಟ್ಟಿಗೆಗಿಂತ ದೊಡ್ಡ ಗಂಟು ನಮ್ಮ ಮನೆಯ ಹಿಂದೆಯೇ ಇದೆ, ಅದು ಕಾಡು. ಸೊಪ್ಪು, ಕಟ್ಟಿಗೆ, ಜೇನು, ಮುರುಗಲು, ಉಪ್ಪಾಗೆ, ಬಾವಿಯ ನೀರು ಎಲ್ಲ ಅಲ್ಲಿಂದಲೇ. ಆ ಗಂಟಿಗೆ ನಮ್ಮಲ್ಲಿ ನಿಯಮ ಉಂಟಾ? ಲೆಕ್ಕ ಉಂಟಾ?

ಉಪ್ಪಾಗೆಯನ್ನೇ ನೋಡೋಣ. ಹಿಂದೆ ಅದು ಹೆಚ್ಚಾಗಿ ಮನೆಬಳಕೆಯ ವಸ್ತು. ಸಿಪ್ಪೆ ಹುಳಿಗೆ, ಬೀಜ ತುಪ್ಪಕ್ಕೆ. 1990ರ ದಶಕದಲ್ಲಿ ಸಿಪ್ಪೆಯ ಸತ್ವ ಮೈತೂಕ ಇಳಿಸುತ್ತದೆಂಬ ಪ್ರಚಾರದಿಂದ ಹೊರದೇಶಗಳಲ್ಲಿ ಬೇಡಿಕೆ ಬಂತು. ಆಮೇಲೆ ಏನಾಯಿತು ನಿಮಗೇ ಗೊತ್ತು. ಹಣ್ಣಾಗುವ ಮೊದಲೇ ಕೊಯ್ಲು, ಕೈಗೆ ಸಿಗದಿದ್ದರೆ ಕೊಂಬೆಗೇ ಕತ್ತಿ. ಬಲಿಯದ ಕಾಯಿ ಒಣಗಿದರೆ ತೂಕ ಇಲ್ಲ, ಬೀಜದಲ್ಲಿ ತುಪ್ಪ ಇಲ್ಲ. ಸಿಂಗಳೀಕಕ್ಕೆ ಆಹಾರ ಇಲ್ಲ, ಹೊಸ ಸಸಿಯೂ ಇಲ್ಲ. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಕಟ್ಟಿಗೆಯೂ ಹೋಯಿತು.

ಒಂದು ಊರಿನ ಸಂಘದಲ್ಲಿ ನಾವು “ಹಣ್ಣಾದ ಮೇಲೆ ಕೊಯ್ಯಿರಿ” ಎಂದು ಉಪದೇಶ ಮಾಡಿದೆವು. ಒಬ್ಬ ಸಹೋದರಿ ಎದ್ದು, “ಸಿಸ್ಟರ್, ನಾವು ಬಿಟ್ಟರೆ ಆಚೆ ಕೇರಿಯವರು ಕೊಯ್ತಾರೆ” ಎಂದರು. ಇನ್ನೊಬ್ಬರು ಮೆಲ್ಲಗೆ, “ಶಾಲೆ ಶುರುವಾಗುವಾಗಲೇ ವ್ಯಾಪಾರಿ ಹತ್ತಿರ ಮುಂಗಡ ತಗೊಂಡಾಗಿದೆ. ಕಾಯಲಿಕ್ಕೆ ಹೇಗೆ ಆಗ್ತದೆ?” ಎಂದರು. ಆ ದಿನ ನಮ್ಮ ಹತ್ತಿರ ಉತ್ತರ ಇರಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತಾ ಬಂದೆವು. ಕೊರತೆ ಇದ್ದದ್ದು ತಿಳುವಳಿಕೆಯದ್ದಲ್ಲ. ಊರಿಗೆಲ್ಲ ಒಂದೇ ನಿಯಮ ಇಲ್ಲ, ಕಾಯುವಷ್ಟು ದಿನ ಕೈಯಲ್ಲಿ ಕಾಸಿಲ್ಲ. ಕೊರತೆ ಈ ಎರಡೇ.

ಮೊದಲನೆಯದು ನಿಯಮ. ಇದು ನಮ್ಮ ಜಿಲ್ಲೆಗೆ ಹೊಸತಲ್ಲ. ಕುಮಟಾ ತಾಲ್ಲೂಕಿನ ಹಳಕಾರದಲ್ಲಿ 1920ರ ದಶಕದಲ್ಲೇ ಗ್ರಾಮ ಅರಣ್ಯ ಪಂಚಾಯತ್ ಆಯಿತು. ಊರವರೇ ಕಾವಲುಗಾರನನ್ನು ಇಟ್ಟು ಕಾಡು ಕಾದರು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿಯ ಜನ, ಹೆಂಗಸರೂ ಸೇರಿ, ಮರಗಳನ್ನು ಅಪ್ಪಿಕೊಂಡು ಕಡಿತ ನಿಲ್ಲಿಸಿದರು. ಅದೇ ಅಪ್ಪಿಕೋ ಚಳವಳಿ. 1993ರ ಸರ್ಕಾರಿ ಆದೇಶದಿಂದ ಗ್ರಾಮ ಅರಣ್ಯ ಸಮಿತಿಗಳು ಬಂದವು. ಕಾರ್ಯಕಾರಿ ಸಮಿತಿಯಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕೆಂದು 2000ದ ಕೇಂದ್ರ ಮಾರ್ಗಸೂಚಿ ಹೇಳಿತು.

2006ರ ಅರಣ್ಯ ಹಕ್ಕು ಕಾಯಿದೆ ಇನ್ನೂ ಮುಂದೆ ಹೋಗಿದೆ. ಸಣ್ಣ ಅರಣ್ಯ ಉತ್ಪನ್ನ ಸಂಗ್ರಹಿಸಿ ಮಾರುವ ಹಕ್ಕನ್ನೂ, ಊರಿನ ಕಾಡನ್ನು ಸಮುದಾಯವೇ ಕಾಪಾಡಿ ನಿರ್ವಹಿಸುವ ಹಕ್ಕನ್ನೂ ಅದು ಗುರುತಿಸುತ್ತದೆ. ಸಿದ್ದಿ ಸಮುದಾಯ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದೆ. ಹಾಗಾಗಿ ಈ ಕಾಯಿದೆಯಡಿ ಇತರರು ಕೊಡಬೇಕಾದ ಮೂರು ತಲೆಮಾರಿನ ದಾಖಲೆ ಸಿದ್ದಿ ಸಹೋದರಿಯರಿಗೆ ಬೇಕಿಲ್ಲ. 2012ರ ತಿದ್ದುಪಡಿ ನಿಯಮದ ಪ್ರಕಾರ ಹಕ್ಕಿನ ವಿಷಯದ ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು ಇರಲೇಬೇಕು. ಅಂದರೆ ನೀವು ಹೋಗದಿದ್ದರೆ ಆ ಸಭೆಗೆ ಬೆಲೆಯೇ ಇಲ್ಲ! ಚಹಾ ಮಾಡಲಿಕ್ಕೆ ಅಲ್ಲ, ಮಾತಾಡಲಿಕ್ಕೆ ಹೋಗಿ.

ಎರಡನೆಯದು ಕಾಸು. ಇದಕ್ಕೆ ಮದ್ದು ನಿಮ್ಮ ಕೈಯಲ್ಲೇ ಇದೆ, ಅದೇ ಸಂಘದ ಆಂತರಿಕ ಸಾಲ. ಮೇ-ಜೂನ್ ತಿಂಗಳಲ್ಲಿ ಶಾಲೆಯ ಪುಸ್ತಕ, ಕೊಡೆ, ಅಕ್ಕಿಗೆಂದು ಸಣ್ಣ ಸಾಲ ಕೊಟ್ಟು, ಉಪ್ಪಾಗೆ ಮಾರಿದ ಮೇಲೆ ತೀರಿಸಲಿ ಎಂದು ಠರಾವು ಮಾಡಬಹುದಲ್ಲ? ಮುಂಗಡ ತೆಗೆದುಕೊಳ್ಳದವಳು ಹಣ್ಣಾಗುವ ತನಕ ಕಾಯಬಲ್ಲಳು, ದರವನ್ನೂ ಕೇಳಬಲ್ಲಳು. ಸಂಘದ ಉಳಿತಾಯ ಮರವನ್ನು ಉಳಿಸುವುದು ಹೀಗೆ.

ಆದ್ದರಿಂದ ಮುಂದಿನ ಸಭೆಯಲ್ಲಿ ನಾಲ್ಕು ಕೆಲಸ ಮಾಡೋಣ:

1. ನಮ್ಮ ಊರಿನಲ್ಲಿ ಗ್ರಾಮ ಅರಣ್ಯ ಸಮಿತಿ, ಅರಣ್ಯ ಹಕ್ಕು ಸಮಿತಿ ಇವೆಯೇ, ಮಹಿಳಾ ಸದಸ್ಯರು ಯಾರು ಎಂದು ವಿಚಾರಿಸುವುದು.

2. ಆಚೆ ಕೇರಿಯ ಸಂಘವನ್ನೂ ಕರೆದು ಕೊಯ್ಲು ಶುರುಮಾಡುವ ದಿನ ಒಟ್ಟಿಗೇ ಗೊತ್ತುಮಾಡುವುದು. ಕೊಂಬೆ ಕಡಿಯಬಾರದು. ಕಾಯಿ ಬಿಡದ ಗಂಡು ಮರವನ್ನೂ ಕಡಿಯಬಾರದು, ಅದಿಲ್ಲದೆ ಹೆಣ್ಣು ಮರ ಫಲ ಕೊಡುವುದಿಲ್ಲ.

3. ಪ್ರತಿ ಮರದಲ್ಲೂ ಸ್ವಲ್ಪ ಹಣ್ಣು ಕಾಡಿಗೆ ಬಿಡುವುದು.

4. ಮಳೆಗಾಲದ ಸಾಲಕ್ಕೆ ಇಷ್ಟು ಹಣ ಎಂದು ಮೊದಲೇ ತೆಗೆದಿಡುವುದು.

ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅದನ್ನು ಸಾಗುವಳಿ ಮಾಡುವುದಕ್ಕೆ ಮಾತ್ರವಲ್ಲ, ಕಾಯುವುದಕ್ಕೂ ಎಂದು ಬೈಬಲ್ಲಿನ ಮೊದಲ ಪುಸ್ತಕದಲ್ಲೇ ಇದೆ. ಕಾನು ದೇವರೆಂದು ಕೈಮುಗಿಯುವ ನಮ್ಮ ಅಕ್ಕಂದಿರಿಗೂ ಇದು ಗೊತ್ತಿರುವ ಮಾತೇ. ಅಘನಾಶಿನಿ, ಬೇಡ್ತಿ, ವರದೆ ಹರಿಯುವ ನಾಡಿನ ಹೆಣ್ಣುಮಕ್ಕಳು ನಾವು. ಅಸಲು ಮುಟ್ಟದೆ ಬಡ್ಡಿಯಲ್ಲಿ ಬದುಕುವುದನ್ನು ಸಂಘ ನಮಗೆ ಕಲಿಸಿದೆ. ಕಾಡಿನ ಲೆಕ್ಕವೂ ಅದೇ.

ಎಲ್ಲರಿಗೂ ಒಳ್ಳೆಯದಾಗಲಿ.