ದೇವರಿಗೆ ಹೇಳಿದ್ದು, ಮಕ್ಕಳಿಗೆ ಹೇಳದ್ದು

"ಮಲಗಿದ ಹಾಗೇ ಹೋಗಿಬಿಡಬೇಕಪ್ಪ, ಯಾರಿಗೂ ಭಾರ ಆಗಬಾರದು." ಹಿರಿಯರ ಬಾಯಲ್ಲಿ ಈ ಮಾತು ಕೇಳದ ಮನೆಯಿಲ್ಲ. ದೀಪ ಹಚ್ಚಿ ಕೈ ಮುಗಿದಾಗಲೆಲ್ಲ ದೇವರ ಮುಂದೆ ಇದೇ ಬೇಡಿಕೆ. ಅದೇ ಮಾತನ್ನು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದವರು ಎಷ್ಟು ಜನ?

ಈ ವಾರ ನಾಯಂಡಹಳ್ಳಿ ಮೆಟ್ರೊ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯೊಂದರಲ್ಲಿ ನೋಟರಿಗಾಗಿ ಕಾದಿದ್ದ ತಾಯಿ ಮಗನನ್ನು ಕಂಡೆ. ತಾಯಿಗೆ ಎಂಬತ್ತರ ಆಸುಪಾಸು. ಕೈಯಲ್ಲಿದ್ದ ಹಾಳೆಯನ್ನು ಮಗನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು: ಇನ್ನು ಚೇತರಿಕೆಯಿಲ್ಲ ಎಂದು ವೈದ್ಯರು ಹೇಳಿದ ಮೇಲೆ ನನಗೆ ಯಂತ್ರದ ಉಸಿರು ಬೇಡ, ನೋವು ತಗ್ಗಿಸಿದರೆ ಸಾಕು. ಮಗ ಅಳು ನುಂಗಿಕೊಂಡು, "ಬಿಡ್ತು ಅನ್ನಮ್ಮ" ಅಂದ. ಆಕೆ ಕನ್ನಡಕ ಸರಿಮಾಡಿಕೊಂಡು, "ದೇವರಿಗೆ ದಿನಾ ಹೇಳ್ತೀನಿ, ನಿನಗೆ ಒಂದು ಸಲ ಹೇಳಬಾರದೇನೋ?" ಎಂದವರೇ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು.

ಆ ಪ್ರಶ್ನೆ ನನ್ನ ತಲೆಯಿಂದ ಇಳಿದಿಲ್ಲ.

ಆಕೆ ಬರೆಸಿದ್ದು ಲಿವಿಂಗ್ ವಿಲ್. 2018ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿಗೆ ಕೊಟ್ಟಾಗ ಮ್ಯಾಜಿಸ್ಟ್ರೇಟರ ಸಹಿಯೂ ಬೇಕಿತ್ತು. 2023ರ ಜನವರಿಯಿಂದ ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕು. ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದರ ಜಾರಿಗೆ ಆದೇಶ ಹೊರಡಿಸಿತು. ನಮಗೆ ತಿಳಿವು ತಪ್ಪಿದಾಗ ನಮ್ಮ ಪರವಾಗಿ ಮಾತಾಡುವ ಇಬ್ಬರನ್ನಾದರೂ ಹೆಸರಿಸಬೇಕು. ಮುಂದೆ ಚಿಕಿತ್ಸೆ ನಿಲ್ಲಿಸುವ ಹೊತ್ತು ಬಂದಾಗ ಮೂವರು ವೈದ್ಯರ ಒಂದು ಮಂಡಳಿ, ಅದರ ಮೇಲೆ ಮೂವರ ಇನ್ನೊಂದು ಮಂಡಳಿ ನೋಡಿ ಒಪ್ಪಬೇಕು. ಜೀವ ತೆಗೆಯುವ ಚುಚ್ಚುಮದ್ದಿಗೆ ಇಲ್ಲಿ ಜಾಗವೇ ಇಲ್ಲ. ಅದು ಇಂದಿಗೂ ಅಪರಾಧ.

ಈ ದಾರಿ ತೆರೆದದ್ದು ನಮ್ಮ ನಾಡಿನ ಹೆಣ್ಣುಮಗಳೊಬ್ಬಳ ಸಂಕಟದಿಂದ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ನಡೆದ ಅಮಾನುಷ ಹಲ್ಲೆಯ ನಂತರ 2015ರ ಮೇ ತಿಂಗಳವರೆಗೂ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಅವರನ್ನು ಹೋಗಗೊಡಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಬೇಡ, ನಾವು ನೋಡಿಕೊಳ್ಳುತ್ತೇವೆ ಎಂದರು ಅವರನ್ನು ಮಗುವಿನಂತೆ ಸಾಕಿದ್ದ ನರ್ಸುಗಳು. ಎರಡೂ ಕಡೆ ಇದ್ದದ್ದು ಪ್ರೀತಿಯೇ. 2011ರಲ್ಲಿ ನ್ಯಾಯಾಲಯ ನರ್ಸುಗಳ ಮಾತು ಮನ್ನಿಸಿತು. ಜೊತೆಗೆ, ಇಂಥ ಸ್ಥಿತಿಯಲ್ಲಿ ಚಿಕಿತ್ಸೆ ನಿಲ್ಲಿಸಬಹುದಾದ ಕ್ರಮವನ್ನೂ ಮೊದಲ ಸಲ ಹಾಕಿಕೊಟ್ಟಿತು. ಅರುಣಾಗೆ ಏನು ಬೇಕಿತ್ತು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತೈದರ ಹುಡುಗಿ ಅದನ್ನು ಯಾರಿಗೆ ಹೇಳಿಟ್ಟಿದ್ದಾಳು? ಎಪ್ಪತ್ತು ದಾಟಿದ ನಮಗೆ ಆ ನೆಪವಿಲ್ಲ.

ಹಣಕಾಸಿನದೂ ಒಂದು ಮಾತು. ಮಗನ ಹೆಸರಿಗೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮಾಡಿದ್ದೇನೆ, ಇನ್ನೇನು ಚಿಂತೆ ಅನ್ನುವವರಿದ್ದಾರೆ. 1872ರ ಕರಾರು ಕಾಯ್ದೆಯ ಪ್ರಕಾರ, ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಮುಗಿಯುತ್ತದೆ. ಯಾವಾಗ ಬೇಕೋ ಆಗಲೇ ಅದು ಕೈಕೊಡುತ್ತದೆ; ಆಮೇಲೆ ಕೋರ್ಟಿನ ಮೆಟ್ಟಿಲೇ ಗತಿ. ವಕೀಲರನ್ನು ಮೊದಲೇ ಕೇಳಿಡಿ.

ನಮ್ಮ ಇಚ್ಛೆ ಬರೆದಿಡದಿದ್ದರೆ, ಐಸಿಯು ಬಾಗಿಲಲ್ಲಿ ಡಾಕ್ಟರು "ಏನು ಮಾಡೋಣ?" ಎಂದಾಗ ಅಣ್ಣ ತಮ್ಮಂದಿರು ಮುಖ ಮುಖ ನೋಡಿಕೊಳ್ಳುತ್ತಾರೆ. ಸಾಕು ಅಂದವನು ಕಟುಕನಾಗುತ್ತಾನೆ, ಇನ್ನೂ ನೋಡೋಣ ಅಂದವನು ಅಪ್ಪನ ಸಂಕಟ ಬೆಳೆಸಿದವನಾಗುತ್ತಾನೆ. ತಿಥಿಯ ದಿನವೂ ಆ ಮುನಿಸು ಕರಗದ ಮನೆಗಳು ನಿಮಗೂ ಗೊತ್ತು. ಆ ಹೊರೆಯನ್ನು ಮಕ್ಕಳ ತಲೆಗೆ ಕಟ್ಟಿಬಿಟ್ಟು, ಯಾರಿಗೂ ಭಾರವಾಗದೆ ಹೋದೆವು ಎನ್ನಲಾದೀತೇ?

ಬರೆದದ್ದಕ್ಕೆ ಕಟ್ಟುಬಿದ್ದೆವು ಎಂಬ ಅಂಜಿಕೆ ಬೇಡ. ಬುದ್ಧಿ ಸ್ವಾಧೀನದಲ್ಲಿ ಇರುವತನಕ ಯಾವಾಗ ಬೇಕಾದರೂ ಹಿಂಪಡೆಯಬಹುದು. ಇವತ್ತು ಬೇಡ ಅಂದದ್ದು ಮೊಮ್ಮಗಳ ಮದುವೆ ಗೊತ್ತಾದ ಮೇಲೆ ಬೇಕು ಅನ್ನಿಸಿದರೆ, ಇನ್ನೊಂದು ಹಾಳೆ ತೆಗೆದುಕೊಂಡು ಹಾಗೆಯೇ ಬರೆಯಿರಿ.