ಗಲಾಟೆಯೊಳಗಿನ ಗಿಟಾರು

ರಾಕ್ ಸಂಗೀತ ಎಂದೊಡನೆ ಮನೆಯ ಹಿರಿಯರು ‘ಬರೀ ಗಲಾಟೆ’ ಎನ್ನುವುದುಂಟು. ಆ ಗಲಾಟೆಯನ್ನು ಇಂದು ಎಳೆ ಎಳೆಯಾಗಿ ಬಿಡಿಸಿ ಕೇಳೋಣ. ನಾನು ಆರಿಸಿಕೊಂಡಿರುವುದು 1966ರ ಜುಲೈನಲ್ಲಿ ಇಂಗ್ಲೆಂಡಿನ ಡೆಕ್ಕಾ ಕಂಪನಿ ಹೊರತಂದ ‘ಬ್ಲೂಸ್ ಬ್ರೇಕರ್ಸ್ ವಿತ್ ಎರಿಕ್ ಕ್ಲಾಪ್ಟನ್’ ಎಂಬ ಎಲ್‌ಪಿ. ತಂಡದ ನಾಯಕ ಜಾನ್ ಮೇಯಲ್. ಹಾಡುಗಾರಿಕೆ, ಪಿಯಾನೊ, ಆರ್ಗನ್, ಹಾರ್ಮೋನಿಕಾ ಅವರದು. ಬಾಸ್ ಗಿಟಾರ್ ಜಾನ್ ಮೆಕ್‌ವೀ, ಡ್ರಮ್ಸ್ ಹ್ಯೂಯಿ ಫ್ಲಿಂಟ್. ಗಿಟಾರ್ ನುಡಿಸಿದ ಕ್ಲಾಪ್ಟನ್‌ಗೆ ಆಗ 21 ವರ್ಷ; ನಿಮ್ಮಲ್ಲಿ ಕೆಲವರ ವಯಸ್ಸು.

ಮೊದಲು ‘ಹೈಡ್ ಅವೇ’ ಕೇಳಿ. ಅಮೆರಿಕದ ಫ್ರೆಡ್ಡಿ ಕಿಂಗ್ ಜನಪ್ರಿಯಗೊಳಿಸಿದ, ಮಾತುಗಳಿಲ್ಲದ ವಾದ್ಯರಚನೆ ಇದು. ಗಿಟಾರನ್ನು ಸದ್ಯಕ್ಕೆ ಬಿಡಿ. ಬಾಸ್ ಹಿಂದೆಯೇ ಹೋಗಿ, ಬೆರಳೆಣಿಸಿ. ನಾಲ್ಕು ಎಣಿಕೆಗೆ ಒಂದು ಬಾರ್. ಮೊದಲ ನಾಲ್ಕು ಬಾರ್ ಷಡ್ಜದ ಆಸರೆಯಲ್ಲೇ ಕಳೆಯುತ್ತವೆ. ಐದನೆಯದಕ್ಕೆ ಮಧ್ಯಮ, ಏಳಕ್ಕೆ ಮತ್ತೆ ಷಡ್ಜ, ಒಂಬತ್ತಕ್ಕೆ ಪಂಚಮ, ಹತ್ತಕ್ಕೆ ಮಧ್ಯಮ, ಆಮೇಲೆ ಮನೆ. ಒಟ್ಟು 12 ಬಾರ್, 48 ಎಣಿಕೆ. ಬ್ಲೂಸ್‌ನ ಬಹುಪಾಲು ಹಾಡುಗಳು ನಿಂತಿರುವುದು ಇದೇ ಚೌಕಟ್ಟಿನ ಮೇಲೆ. ಎರಡು ಸಲ ಎಣಿಸಿದರೆ ಸಾಕು, ಮೂರನೆಯ ಸಲ ಕಾಲೇ ತಾಳ ಹಾಕುತ್ತದೆ.

ಈಗ ಗಿಟಾರಿಗೆ ಬನ್ನಿ. ‘ಹ್ಯಾವ್ ಯೂ ಹರ್ಡ್’ ಎಂಬ ನಿಧಾನಗತಿಯ ಹಾಡಿನ ನಡುವೆ ಕ್ಲಾಪ್ಟನ್ ಒಬ್ಬರೇ ನುಡಿಸುವ ಭಾಗವಿದೆ. ಮೀಟಿದ ತಂತಿಯ ನಾದ ಬೇಗ ಕ್ಷೀಣಿಸಬೇಕಲ್ಲವೇ? ಇಲ್ಲಿ ಅದು ಪಿಟೀಲಿನಂತೆ ನಿಲ್ಲುತ್ತದೆ, ಕೆಲವೊಮ್ಮೆ ಚೀರುತ್ತದೆ. ಏಕೆ?

ಕ್ಲಾಪ್ಟನ್ ತಮ್ಮ ಗಿಬ್ಸನ್ ಗಿಟಾರನ್ನು ಮಾರ್ಷಲ್ ಆಂಪ್ಲಿಫಯರಿಗೆ ಜೋಡಿಸಿ, ವೇದಿಕೆಯ ಮೇಲಿನಷ್ಟೇ ಜೋರಾಗಿ ನುಡಿಸುವೆನೆಂದು ಹಠ ಹಿಡಿದರು. ಸ್ಟುಡಿಯೋಗಳ ರೂಢಿಗೆ ಇದು ವಿರುದ್ಧ. (ಮೀಟರಿನ ಮುಳ್ಳು ಕೆಂಪು ಗೆರೆ ದಾಟಿದರೆ ನಮ್ಮ ಧ್ವನಿ ತಂತ್ರಜ್ಞರೂ ಹೌಹಾರುತ್ತಾರೆ!) ಆಂಪ್ಲಿಫಯರಿನ ವಾಲ್ವುಗಳಿಗೆ ಒಂದು ಮಿತಿಯಿದೆ. ಅದನ್ನು ಮೀರಿದಾಗ ಧ್ವನಿತರಂಗದ ಗುಂಡಗಿನ ತಲೆ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ತರಂಗದಲ್ಲಿ ಹೊಸ ಅನುಸ್ವರಗಳು ಹುಟ್ಟುತ್ತವೆ: 220 ಹರ್ಟ್ಸ್‌ನ ಸ್ವರದೊಡನೆ 660, 1100 ಹರ್ಟ್ಸ್‌ಗಳೂ ಬಲವಾಗಿ ಸೇರುತ್ತವೆ. ಚೀರುವ ಬಣ್ಣ ಬರುವುದು ಅಲ್ಲಿಂದ. ಇನ್ನೊಂದು ಪರಿಣಾಮವೂ ಇದೆ. ಮೀಟಿದ ಕ್ಷಣದ ದೊಡ್ಡ ಸದ್ದು ಮಿತಿಗೆ ಸಿಕ್ಕಿ ತಗ್ಗುತ್ತದೆ; ಸೊರಗುತ್ತಿರುವ ನಾದವಾದರೋ ಇನ್ನೂ ಮಿತಿಯ ತನಕ ಹಿಗ್ಗುತ್ತಲೇ ಇರುತ್ತದೆ. ಹಾಗಾಗಿ ಸ್ವರ ಸಾಯದೆ ನಿಂತಂತೆ ಕೇಳುತ್ತದೆ. ಎಂಜಿನಿಯರುಗಳು ದೋಷವೆಂದು ಕರೆದದ್ದು ಇಲ್ಲಿ ರಸವಾಯಿತು. ನಮ್ಮ ತಂಬೂರಿಯ ತಂತಿಯಡಿ ‘ಜೀವಾಳ’ದ ದಾರವಿಟ್ಟು ಝೇಂಕಾರ ತರಿಸುವವರಿಗೆ ಇದು ಹೊಸ ಮಾತೇನಲ್ಲ.

ಒಂದು ಸಂಗತಿ ಮರೆಯಬೇಡಿ. ತರಂಗ ಚಪ್ಪಟೆಯಾದದ್ದು 1966ರಲ್ಲೇ, ಅದು ಮುದ್ರಿಕೆಯೊಳಗೆ ಸೇರಿಹೋಗಿದೆ. ಅದನ್ನು ಕೇಳಲು ನೀವು ಇಯರ್‌ಫೋನನ್ನು ಜೋರು ಮಾಡಬೇಕಿಲ್ಲ. ಸ್ವತಃ ಕ್ಲಾಪ್ಟನ್ ತಮ್ಮ ಕಿವಿ ಮಂದವಾಗುತ್ತಿದೆ, ಒಳಗೆ ಸದಾ ಗುಂಯ್‌ಗುಡುತ್ತದೆ ಎಂದು 2018ರಲ್ಲಿ ಹೇಳಿಕೊಂಡರು.

ಎಲ್ಲವೂ ಒಂದೇ ಮಟ್ಟದಲ್ಲಿಲ್ಲ. ‘ವಾಟ್ ಐ ಸೇ’ ಹಾಡಿನ ಡ್ರಮ್ಸ್ ಭಾಗ ನನಗೆ ಉದ್ದವೆನಿಸುತ್ತದೆ. ಅದು ಮುಗಿದೊಡನೆ ಗಿಟಾರಿನಲ್ಲಿ ಬೀಟಲ್ಸ್ ತಂಡದ ಒಂದು ಹಾಡಿನ ತುಣುಕು ಇಣುಕುತ್ತದೆ, ಬಲ್ಲವರು ಹಿಡಿಯಿರಿ.

ಎಲ್‌ಪಿಯ 12 ಹಾಡುಗಳಲ್ಲಿ ಅರ್ಧಕ್ಕೂ ಹೆಚ್ಚು ಅಮೆರಿಕದವರ ರಚನೆಗಳು. ಮೊದಲನೆಯ ‘ಆಲ್ ಯುವರ್ ಲವ್’ ಷಿಕಾಗೋದ ಓಟಿಸ್ ರಶ್ ಅವರದು, 1958ರದು. ಕಪ್ಪು ಜನರ ಈ ಸಂಗೀತವನ್ನು ಬಿಳಿಯ ಇಂಗ್ಲಿಷ್ ಹುಡುಗರು ಎತ್ತಿಕೊಂಡು ಹೆಸರು ಮಾಡಿದರೆಂಬ ಆಕ್ಷೇಪ ಸುಳ್ಳಲ್ಲ. ಅದಕ್ಕೆ ಕೇಳುಗರು ಮಾಡಬಹುದಾದದ್ದು ಮೂಲವನ್ನು ಹುಡುಕಿ ಜೊತೆಯಲ್ಲಿಟ್ಟು ಕೇಳುವುದು. ‘ರ‍್ಯಾಂಬ್ಲಿನ್ ಆನ್ ಮೈ ಮೈಂಡ್’ನಿಂದಲೇ ಶುರು ಮಾಡಿ. ಇಲ್ಲಿ ಡ್ರಮ್ಸ್ ಇಲ್ಲ. ಕ್ಲಾಪ್ಟನ್ ಹಿಂಜರಿಯುತ್ತಲೇ ಹಾಡುತ್ತಾರೆ, ಮೇಯಲ್ ಪಿಯಾನೊ ಒತ್ತಾಸೆಯಾಗಿದೆ. ಬಳಿಕ, ರಾಬರ್ಟ್ ಜಾನ್ಸನ್ 1936ರಲ್ಲಿ ಹಾಡಿದ ಮೂಲವನ್ನು ಹಾಕಿ. ಅಲ್ಲಿ ಪಿಯಾನೊ ಇಲ್ಲ, ಆಂಪ್ಲಿಫಯರೂ ಇಲ್ಲ. ಕೆಳಸ್ವರಗಳಲ್ಲಿ ಹೆಜ್ಜೆ ಹಾಕುವವನೂ ಮೇಲಿನ ತಂತಿಯಲ್ಲಿ ಉತ್ತರ ಕೊಡುವವನೂ ಹಾಡುವವನೂ ಒಬ್ಬನೇ.