ಗೊರಕೆ, ಕೊಬ್ಬು ಮತ್ತು ಕಿವುಡಾದ ಮಿದುಳು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಕೆಲಸದವನು ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡುತ್ತಾನೆ ಎಂದು ಸಂಘಟಕರು ಅಂದುಕೊಂಡಿದ್ದರು. ನಾನೇ ಕೇಳಿಕೊಂಡು ವಿಷಯ ಬದಲಿಸಿದೆ. ನಾನು ಓದಿದ್ದು ಬಿ.ಇ., ವೈದ್ಯನಲ್ಲ. ಆದರೆ ಎರಡು ವರ್ಷದಿಂದ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮಲಗುವ ರೋಗಿ. ಹಾಗಾಗಿ ಈ ವಿಷಯವನ್ನು ಪರೀಕ್ಷೆಗೆ ಓದಿದ್ದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಓದಿದ್ದೇನೆ.

ಎಸ್.ಎಸ್. ಬಡಾವಣೆಯ ನಮ್ಮ ಮನೆಯಲ್ಲಿ ನನ್ನ ಗೊರಕೆ ತಮಾಷೆಯ ಮಾತಾಗಿತ್ತು. "ಅವ್ನಿಗೇನ್ರಿ, ತಲೆ ಇಟ್ರೆ ಸಾಕು, ಒಳ್ಳೆ ನಿದ್ದೆ" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು. ನನ್ನ ಹೆಂಡತಿ ಮಾತ್ರ ಬೇರೆ ಮಾತು ಹೇಳಿದಳು: "ರೀ, ನೀವು ಗೊರಕೆ ಹೊಡೆದ್ರೆ ನಂಗೇನೂ ಭಯ ಇಲ್ಲ. ಅದು ನಿಂತಾಗ ಭಯ." ರಾತ್ರಿಯಿಡೀ ಮೈಗೆ ವೈರು ಅಂಟಿಸಿ ಮಾಡುವ ನಿದ್ರಾ ಪರೀಕ್ಷೆಯಲ್ಲಿ ಲೆಕ್ಕ ಸಿಕ್ಕಿತು. ಗಂಟೆಗೆ 38 ಸಲ ನನ್ನ ಉಸಿರು ಕಟ್ಟುತ್ತಿತ್ತು. ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ಸಹಜ, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಇದರ ಹೆಸರು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ. ಕನ್ನಡದಲ್ಲಿ ನಿದ್ದೆಯ ಉಸಿರುಕಟ್ಟು ಎನ್ನೋಣ.

ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ದಾರಿ ಮೊದಲೇ ಇಕ್ಕಟ್ಟಾಗಿದ್ದರೆ ಅದು ಮುಚ್ಚಿಕೊಳ್ಳುತ್ತದೆ. ಎದೆ ಎಳೆಯುತ್ತಲೇ ಇರುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ಹತ್ತು ಸೆಕೆಂಡ್, ಇಪ್ಪತ್ತು ಸೆಕೆಂಡ್, ಕೆಲವರಿಗೆ ಇನ್ನೂ ಹೆಚ್ಚು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಾಗಿ ಒಂದು ಕ್ಷಣ ಎಬ್ಬಿಸುತ್ತದೆ, ಗೊರ್ರೆಂದು ಉಸಿರು ಮರಳುತ್ತದೆ. ಎದ್ದದ್ದು ನಮಗೆ ನೆನಪೇ ಇರುವುದಿಲ್ಲ. ಬೆಳಿಗ್ಗೆ ಉಳಿಯುವುದು ತಲೆನೋವು, ಒಣಗಿದ ಬಾಯಿ, ಮಧ್ಯಾಹ್ನದ ತೂಕಡಿಕೆ. ವರ್ಷಗಟ್ಟಲೆ ಹೀಗೇ ಬಿಟ್ಟರೆ ರಕ್ತದೊತ್ತಡ, ಹೃದಯದ ತೊಂದರೆ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ದಪ್ಪಗಿದ್ದವರಿಗೆ ಇದು ಹೆಚ್ಚು ಎಂಬುದು ಎಲ್ಲರಿಗೂ ಗೊತ್ತು. ಕತ್ತಿನ ಸುತ್ತ, ನಾಲಗೆಯ ಒಳಗೆ ಕೂಡ ಕೊಬ್ಬು ಸೇರುತ್ತದೆ; ಹೊಟ್ಟೆಯ ಕೊಬ್ಬು ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಇಷ್ಟೇ ಆಗಿದ್ದರೆ ನಾನು ಈ ಭಾಷಣ ಮಾಡುತ್ತಿರಲಿಲ್ಲ. ನನ್ನನ್ನು ಹಿಡಿದು ಕೂರಿಸಿದ್ದು ಕೊಬ್ಬು ಮಾತಾಡುತ್ತದೆ ಎಂಬ ಸಂಗತಿ.

1994ರವರೆಗೆ ಕೊಬ್ಬೆಂದರೆ ಅಕ್ಕಿಮೂಟೆ ಇದ್ದ ಹಾಗೆ, ಸುಮ್ಮನೆ ಬಿದ್ದಿರುವ ದಾಸ್ತಾನು ಎಂದೇ ಹೆಚ್ಚಿನವರ ಎಣಿಕೆ. ಆ ವರ್ಷ ನ್ಯೂಯಾರ್ಕಿನ ರಾಕಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ, ತಿಂದಷ್ಟೂ ಸಾಲದೆ ದುಂಡಗಾಗುವ ಒಂದು ಜಾತಿಯ ಇಲಿಯಲ್ಲಿ ಕೆಟ್ಟಿರುವ ಜೀನ್ ಯಾವುದೆಂದು ಪತ್ತೆ ಮಾಡಿತು. ಆ ಜೀನ್ ತಯಾರಿಸುವ ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಾಯಿತು. ಗ್ರೀಕ್ ಭಾಷೆಯಲ್ಲಿ ಲೆಪ್ಟೋಸ್ ಎಂದರೆ ತೆಳ್ಳಗೆ. ಅದನ್ನು ಮುಖ್ಯವಾಗಿ ತಯಾರಿಸುವುದು ಕೊಬ್ಬಿನ ಕೋಶಗಳೇ.

ನಮ್ಮ ಮನೆಗಳ ಮೇಲಿನ ನೀರಿನ ಟ್ಯಾಂಕನ್ನು ನೆನೆಸಿಕೊಳ್ಳಿ. ನೀರು ತುಂಬಿದಾಗ ಒಳಗಿನ ಫ್ಲೋಟ್ ಮೇಲೆದ್ದು ಮೋಟಾರಿಗೆ "ಸಾಕು" ಎನ್ನುತ್ತದೆ. ಲೆಪ್ಟಿನ್ ಅಂಥ ಫ್ಲೋಟ್. ಕೊಬ್ಬು ಸಾಕಷ್ಟಿದೆ, ಹಸಿವು ನಿಲ್ಲಿಸು ಎಂದು ಮಿದುಳಿಗೆ ಹೇಳುತ್ತದೆ. ಹಾಗಾದರೆ ದಪ್ಪಗಿದ್ದವರಲ್ಲಿ ಲೆಪ್ಟಿನ್ ಕಡಿಮೆ ಇರಬೇಕಲ್ಲವೇ? ನೋಡಿದರೆ ಹೆಚ್ಚಿನವರಲ್ಲಿ ಅದು ಧಾರಾಳವಾಗಿದೆ. ಫ್ಲೋಟ್ ಎದ್ದಿದೆ, ಮೋಟಾರ್ ನಿಲ್ಲುತ್ತಿಲ್ಲ. ದಿನವೂ ಕೂಗು ಕೇಳಿ ಕೇಳಿ ಮಿದುಳು ಕಿವುಡಾಗಿದೆ. ವಿಜ್ಞಾನಿಗಳು ಇದನ್ನು ಲೆಪ್ಟಿನ್ ಪ್ರತಿರೋಧ ಎನ್ನುತ್ತಾರೆ.

ಲೆಪ್ಟಿನ್‌ಗೆ ಇನ್ನೊಂದು ಕೆಲಸವೂ ಇದೆ: ಉಸಿರಾಟವನ್ನು ಚುರುಕಾಗಿಡುವುದು. ಲೆಪ್ಟಿನ್ ಇಲ್ಲದ ಆ ಇಲಿಗಳ ಉಸಿರಾಟ ಮಂದ. ಲೆಪ್ಟಿನ್ ಕೊಟ್ಟಾಗ ಸುಧಾರಿಸಿತು. ಹಸಿವಿನ ವಿಷಯದಲ್ಲಿ ಕಿವುಡಾದ ಮಿದುಳು ಉಸಿರಿನ ವಿಷಯದಲ್ಲೂ ಕಿವುಡಾದರೆ ನಿದ್ದೆಯಲ್ಲಿ ಗಂಟಲನ್ನು ತೆರೆದಿಡುವ ಶಕ್ತಿಯೂ ಕುಗ್ಗಬಹುದು ಎಂಬುದು ತರ್ಕ. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ನಿಜ ಎಂಬ ಚರ್ಚೆ ಇನ್ನೂ ನಡೆದಿದೆ. ಉಸಿರುಕಟ್ಟು ಇರುವವರಲ್ಲಿ ಲೆಪ್ಟಿನ್ ಹೆಚ್ಚಿರುವುದು ಬರೀ ಕೊಬ್ಬಿನಿಂದಲೋ, ಉಸಿರು ಕಟ್ಟುವುದರಿಂದಲೋ ಎಂದು ಬಿಡಿಸುವುದು ಸುಲಭವಲ್ಲ. ಉಸಿರುಕಟ್ಟಿಗೆ ಚಿಕಿತ್ಸೆ ಕೊಟ್ಟಾಗ ಲೆಪ್ಟಿನ್ ಇಳಿದದ್ದನ್ನು ಕೆಲವು ಅಧ್ಯಯನಗಳು ಕಂಡಿವೆ. ಅಂದರೆ ಗಾಡಿ ಎರಡೂ ದಿಕ್ಕಿಗೆ ಓಡುತ್ತಿರುವಂತಿದೆ. ಕೊಬ್ಬಿನಿಂದಲೇ ಬರುವ ಅಡಿಪೊನೆಕ್ಟಿನ್ ಎಂಬ ಒಳ್ಳೆಯ ಹಾರ್ಮೋನ್ ಒಂದಿದೆ, ಇನ್ಸುಲಿನ್ನಿಗೆ ನೆರವಾಗುವಂಥದ್ದು. ವಿಚಿತ್ರವೆಂದರೆ ಕೊಬ್ಬು ಹೆಚ್ಚಿದಷ್ಟೂ ಅದು ಕಡಿಮೆಯಾಗುತ್ತದೆ.

"ನಾನೇನು ದಪ್ಪ ಇಲ್ಲವಲ್ಲ" ಎನ್ನುವವರಿಗೆ ಒಂದು ಮಾತು. 2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತ ತಮ್ಮದೇ ಫೋಟೋವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿ.ಎಂ.ಐ. ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಮೈಯಲ್ಲಿ ಶೇಕಡಾ 21.2. ನಮ್ಮವರು ನೋಡಲು ಸಣ್ಣಗಿದ್ದೂ ಒಳಗೆ ಕೊಬ್ಬು ಇಟ್ಟುಕೊಂಡಿರುತ್ತಾರೆ. ಅದಕ್ಕೇ ನಮ್ಮ ದೇಶದಲ್ಲಿ ಬಿ.ಎಂ.ಐ. 25 ಮುಟ್ಟಿದರೇ ಬೊಜ್ಜು ಎಂದು ಲೆಕ್ಕ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ತೂಕದ ಯಂತ್ರ ಇಲ್ಲದಿದ್ದರೂ ದರ್ಜಿಯ ಟೇಪು ಎಲ್ಲ ಊರಲ್ಲೂ ಇದೆ. (ಬೆಣ್ಣೆದೋಸೆ ಬಿಡಿ ಎಂದು ನಾನು ಹೇಳುವುದಿಲ್ಲ. ದಾವಣಗೆರೆಯಲ್ಲಿ ನಿಂತು ಆ ಮಾತಾಡುವ ಧೈರ್ಯ ನನಗಿಲ್ಲ.)

ಪರಿಹಾರಕ್ಕೆ ಬರೋಣ. 1981ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್, ಮೂಗಿನ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಊದಿ ಗಂಟಲು ಮುಚ್ಚದಂತೆ ತಡೆಯಬಹುದೆಂದು ತೋರಿಸಿದರು. ಅದೇ ಸಿ-ಪ್ಯಾಪ್ ಯಂತ್ರ. ನನಗೆ ಹೊಂದಿಕೊಳ್ಳಲು ಮೂರು ವಾರ ಹಿಡಿಯಿತು. ಮೊದಲ ರಾತ್ರಿ ಮಗಳು ನೋಡಿ ಆನೆ ಎಂದಳು. ತೂಕದ ಲೆಕ್ಕ ಇನ್ನೂ ಸರಳ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಾಲ್ಕು ವರ್ಷ ನೋಡಿದಾಗ, ತೂಕ ಶೇಕಡಾ 10 ಏರಿದವರಲ್ಲಿ ಉಸಿರುಕಟ್ಟು ಸುಮಾರು ಶೇಕಡಾ 32 ಹೆಚ್ಚಿತು. ಶೇಕಡಾ 10 ಇಳಿಸಿದವರಲ್ಲಿ ಸುಮಾರು 26 ತಗ್ಗಿತು. 2024ರ ಡಿಸೆಂಬರ್‌ನಲ್ಲಿ ಅಮೆರಿಕ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದಿಗೆ ಬೊಜ್ಜಿನ ಜೊತೆಗಿರುವ ಉಸಿರುಕಟ್ಟಿಗೂ ಒಪ್ಪಿಗೆ ಕೊಟ್ಟಿತು. ವೈದ್ಯರ ಚೀಟಿ ಇಲ್ಲದೆ ಅದರ ಹತ್ತಿರ ಹೋಗಬೇಡಿ.

ನಿಮ್ಮಲ್ಲಿ ಲಾರಿ, ಬಸ್ಸು, ಟ್ರ್ಯಾಕ್ಟರ್ ಓಡಿಸುವ ಅಣ್ಣಂದಿರಿದ್ದೀರಿ. ಹರಿಹರದಿಂದ ಹುಬ್ಬಳ್ಳಿ ಕಡೆಗೋ ಚಿತ್ರದುರ್ಗದ ಕಡೆಗೋ ಹೆದ್ದಾರಿಯಲ್ಲಿ ನಡುರಾತ್ರಿ ಸ್ಟಿಯರಿಂಗ್ ಹಿಡಿದವರಿಗೆ ಎರಡು ಸೆಕೆಂಡ್ ಕಣ್ಣು ಮುಚ್ಚಿದರೆ ಸಾಕು. ಚಹಾ, ಬೀಡಿ ಇದಕ್ಕೆ ಮದ್ದಲ್ಲ. ಜೋರು ಗೊರಕೆ, ಹಗಲು ತೂಕಡಿಕೆ, ಮನೆಯವರು ಕಂಡ ಉಸಿರುಕಟ್ಟು, ಬಿ.ಪಿ. ಇವುಗಳಲ್ಲಿ ಎರಡಿದ್ದರೂ ವೈದ್ಯರ ಮುಂದೆ ಹೇಳಿ. ತಾಯಂದಿರೂ ಅಷ್ಟೇ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ತೊಂದರೆ ಹೆಚ್ಚುತ್ತದೆ. "ಸುಸ್ತು" ಎಂದು ಹೇಳಿ ಸುಮ್ಮನಾಗುತ್ತಾರೆ, ಗೊರಕೆಯ ಮಾತನ್ನು ನಾಚಿಕೆಯಿಂದ ಎತ್ತುವುದೇ ಇಲ್ಲ.

ನಮ್ಮ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಒಂದು ಕೋರಿಕೆ. ಕೊನೆಯ ಬೆಂಚಿನಲ್ಲಿ ದಿನಾ ತೂಕಡಿಸುವ, ಬಾಯಲ್ಲೇ ಉಸಿರಾಡುವ, ಪಾಠದ ಮೇಲೆ ಗಮನ ನಿಲ್ಲದ ಹುಡುಗನಿದ್ದರೆ ಅವನ ಅಪ್ಪ ಅಮ್ಮನನ್ನು ಕರೆಸಿ "ರಾತ್ರಿ ಗೊರಕೆ ಹೊಡೀತಾನಾ?" ಎಂದು ಕೇಳಿ. ಮಕ್ಕಳಲ್ಲಿ ಕೊಬ್ಬಿಗಿಂತ ಹೆಚ್ಚಾಗಿ ಊದಿದ ಟಾನ್ಸಿಲ್, ಅಡಿನಾಯ್ಡ್ ಗಂಟುಗಳೇ ದಾರಿ ಮುಚ್ಚುತ್ತವೆ. ಕಿವಿ ಮೂಗು ಗಂಟಲಿನ ವೈದ್ಯರು ನೋಡಿ, ಬೇಕಿದ್ದರೆ ಅವನ್ನು ತೆಗೆದರೆ ಹೆಚ್ಚಿನ ಮಕ್ಕಳಿಗೆ ನಿದ್ದೆ ಸರಿಹೋಗುತ್ತದೆ. ಬೆತ್ತ ಎತ್ತುವ ಮೊದಲು ಆ ಒಂದು ಪ್ರಶ್ನೆ ಕೇಳಿ ನೋಡಿ.